ನೂರು ದಿನ ಆಯಿತು, ಅತ್ತೆಗೊಂದು ನಮಸ್ಕಾರ

ಮೈಸೂರಿನ ಈ ಮನೆಗೆ ಬಂದು ಇವತ್ತಿಗೆ ನೂರು ದಿನ. ಶಿವಮೊಗ್ಗದ ಮನೆ ಬಿಡಬೇಕಾಯಿತು. ನನಗೆ ಆಟಿಸಂ ಇದೆ, ಅಂದರೆ ಸದ್ದು, ಬೆಳಕು, ಬದಲಾವಣೆಗಳನ್ನು ಮೆದುಳು ಹುಟ್ಟಿನಿಂದಲೇ ಬೇರೆ ಥರ ಗ್ರಹಿಸುತ್ತದೆ. ಸಾಮಾನು ಕಟ್ಟಿಕೊಟ್ಟ ಗೆಳೆಯರು, ಲಾರಿ ಜೊತೆ ಬಂದ ಭಾವ, ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿಯ) ವಿಳಾಸ ಬದಲಾಯಿಸಲು ಓಡಾಡಿದ ತಂಗಿ, ಎಲ್ಲರಿಗೂ ಮನಸಾರೆ ಧನ್ಯವಾದ. (2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇದೆ; ಕಾರ್ಡ್ ಮಾಡಿಸದವರು ದಯವಿಟ್ಟು ಮಾಡಿಸಿಕೊಳ್ಳಿ.)

ಉಳಿದದ್ದೆಲ್ಲ ಸೋದರತ್ತೆಗೆ. ಅವರು ಮಾಡಿದ್ದು ಬೇರೆ ಮನೆಗಳಿಗೂ ಉಪಯೋಗಕ್ಕೆ ಬರಬಹುದು, ಅದಕ್ಕೇ ಬಿಡಿಸಿ ಬರೆಯುತ್ತೇನೆ.

ಆಟಿಸಂ ಇರುವವರಿಗೆ ಮನೆ ಬದಲಾದರೆ ನೂರಾರು ಸಣ್ಣ ಸಂಗತಿಗಳು ಒಟ್ಟಿಗೇ ಬದಲಾಗುತ್ತವೆ. ಸ್ವಿಚ್ ಯಾವ ಕಡೆ, ನಲ್ಲಿ ಎಷ್ಟು ತಿರುಗಿಸಬೇಕು, ಪಕ್ಕದ ಮನೆಯ ಕುಕ್ಕರ್ ಎಷ್ಟು ಹೊತ್ತಿಗೆ ಕೂಗುತ್ತದೆ. ನಮ್ಮಲ್ಲಿ ಅನೇಕರಿಗೆ ಇವು ಯಾವುವೂ ಹಿಂದೆ ಸರಿಯುವುದಿಲ್ಲ, ಒಂದೊಂದೂ ಎದುರಿಗೇ ಬಂದು ನಿಲ್ಲುತ್ತದೆ. ಅತ್ತೆ ಮೂರು ವಾರ ಮೊದಲೇ ಇಲ್ಲಿಗೆ ಬಂದು ಪ್ರತಿ ಕೋಣೆಯ ಬಾಗಿಲಲ್ಲಿ ನಿಂತು ಫೋಟೋ ತೆಗೆದರು. ಬೆಳಿಗ್ಗೆ ಆರು, ಮಧ್ಯಾಹ್ನ ಒಂದು, ರಾತ್ರಿ ಒಂಬತ್ತಕ್ಕೆ ಮನೆಯ ಸದ್ದನ್ನು ಫೋನಿನಲ್ಲಿ ಹಿಡಿದುಕೊಂಡರು. ನೀರಿನ ಮೋಟಾರಿನ ಸದ್ದು ನನಗೆ ಮೊದಲೇ ಗೊತ್ತಾಗಿದ್ದು ಹಾಗೆ.

ಆಮೇಲೆ ಒಂದು ಹಾಳೆಯಲ್ಲಿ ಎರಡು ಪಟ್ಟಿ ಬರೆದರು: 'ಬದಲಾಗುವುದು', 'ಬದಲಾಗದ್ದು'. ಎರಡನೆಯದನ್ನು ಬಹಳ ಮಂದಿ ಬರೆಯುವುದೇ ಇಲ್ಲ. ಅದರಲ್ಲಿದ್ದದ್ದು ಸ್ಟೀಲ್ ಲೋಟ, ಏಳೂವರೆಯ ಕಾಫಿ, ಮಂಗಳವಾರದ ಅಕ್ಕಿರೊಟ್ಟಿ. ಹಾಲುಕ್ಕಿಸುವ ಶಾಸ್ತ್ರವನ್ನು ನಾಲ್ಕು ದಿನ ಮೊದಲೇ ಮುಗಿಸಿದರು. ಹೋಮದ ಹೊಗೆ, ನೆಂಟರು, ಸಾಮಾನು ಇಳಿಸುವುದು ಒಂದೇ ದಿನ ಬಿದ್ದರೆ ತಡೆಯುವುದು ಕಷ್ಟ. ಹೊದಿಕೆ, ದಿಂಬಿನ ಕವರು ಒಗೆಯದೇ ತಂದರು, ಹಳೆಯ ವಾಸನೆ ಉಳಿಯಲಿ ಅಂತ. ಅಡುಗೆಮನೆಗಿಂತ ಮೊದಲು ಮಲಗುವ ಕೋಣೆ ಜೋಡಿಸಿದರು. ಗುಂಯ್‌ಗುಡುತ್ತ ಮಿಣುಕುತ್ತಿದ್ದ ಹಳೆ ಟ್ಯೂಬ್‌ಲೈಟ್ ತೆಗೆಸಿ, ಹಳದಿ ಬೆಳಕಿನ ಎಲ್‌ಇಡಿ ಬಲ್ಬ್ ಹಾಕಿಸಿದರು.

ಇಷ್ಟೆಲ್ಲ ಮಾಡಿಯೂ ಮೂರನೇ ರಾತ್ರಿ ಮೆಲ್ಟ್‌ಡೌನ್ ಆಯಿತು, ಅಂದರೆ ಹೊರೆ ಮೀರಿ ಮೈಮನಸ್ಸಿನ ಹಿಡಿತ ತಪ್ಪಿತು. ತಯಾರಿ ಅದರ ಭಾರ ಇಳಿಸುತ್ತದೆ, ಪೂರ್ತಿ ತಪ್ಪಿಸುತ್ತದೆ ಅನ್ನಲಾಗದು. ಅತ್ತೆ ದೀಪ ಆರಿಸಿದರು, ಫ್ಯಾನ್ ನಿಲ್ಲಿಸಿದರು, ಉಳಿದವರನ್ನು ಹೊರಗೆ ಕಳಿಸಿದರು. ಮುಟ್ಟಲಿಲ್ಲ. 'ಏನಾಯ್ತು?' ಅಂತ ಕೇಳಲಿಲ್ಲ. ಆ ಹೊತ್ತಿನಲ್ಲಿ ಮಾತು ಅರ್ಥವಾಗುವುದೇ ಕಷ್ಟ, ಪ್ರಶ್ನೆ ಇನ್ನೊಂದು ಹೊರೆ. ಬಾಗಿಲಿಗೆ ಅಡ್ಡವಾಗದಂತೆ, ಎರಡು ಮಾರು ದೂರದಲ್ಲಿ ನೆಲದ ಮೇಲೆ ಕೂತರು, ಕೈಗೆ ಸಿಗುವಲ್ಲಿ ನೀರಿಟ್ಟರು. ಹೊರಗೆ ಯಾರೋ ಹಠ ಅಂದರು. ಹಠಕ್ಕೆ ಏನಾದರೂ ಬೇಕಿರುತ್ತದೆ. ನನಗೆ ಏನೂ ಬೇಕಿರಲಿಲ್ಲ, ಎಲ್ಲ ನಿಂತರೆ ಸಾಕಿತ್ತು. ಎಷ್ಟೋ ಹೊತ್ತಾದ ಮೇಲೆ ಅವರು ಆಡಿದ್ದು ಒಂದೇ ಮಾತು: "ನಾನು ಇಲ್ಲೇ ಇದೀನಿ ಪುಟ್ಟ."

ಮರುದಿನವನ್ನೂ ಖಾಲಿ ಬಿಟ್ಟರು: ಫೋನಿಲ್ಲ, ಭೇಟಿಯಿಲ್ಲ, ಮೊಸರನ್ನ ಮಾತ್ರ. ಸುಸ್ತು ಇಳಿಯಲು ಒಂದೆರಡು ದಿನ ಬೇಕೇ ಬೇಕು. ಅವಸರ ಮಾಡಿದರೆ ಮತ್ತೆ ಅದೇ ಆಗಬಹುದು.

ಹಳೆಯ ಮನೆ ಇನ್ನಿಲ್ಲ ಅನ್ನುವುದು ಈಗಲೂ ಒಮ್ಮೊಮ್ಮೆ ಎದೆಗೆ ಬಡಿಯುತ್ತದೆ. ಕತ್ತಲಲ್ಲಿ ಕೈ ಗೋಡೆಯ ಎಡಕ್ಕೆ ಹೋಗಿ, ಅಲ್ಲಿಲ್ಲದ ಸ್ವಿಚ್ ಹುಡುಕುತ್ತದೆ. ಆಮೇಲೆ ಬಲಕ್ಕೆ ಬರುತ್ತದೆ.

ಅತ್ತೆ ಊರಿಗೆ ಹೊರಡುವ ಮುನ್ನ 'ಬದಲಾಗದ್ದು' ಪಟ್ಟಿಗೆ ಒಂದು ಸಾಲು ಸೇರಿಸಿದರು: 'ಭಾನುವಾರ ಸಂಜೆ ಐದಕ್ಕೆ ನನ್ನ ಫೋನ್.' ಇವತ್ತು ಭಾನುವಾರ, ಐದಾಗುತ್ತ ಬಂತು.