ಟ್ಯೂಬ್ ಮುಂದೆ ಕಾದು ನಿಂತವರಿಗೆ

ಹಾವು ಕಚ್ಚಿದ್ದ ಮಗಳು ಸೋಮವಾರದಿಂದ ಸ್ಕೂಲಿಗೆ ಹೋಗುತ್ತಿದ್ದಾಳೆ. ಕಾಲಿನ ಊತ ಇಳಿದಿದೆ, ಕಿಡ್ನಿ ರಿಪೋರ್ಟೂ ಸರಿ ಬಂದಿದೆ. ಫೋನ್ ಮಾಡಿ ವಿಚಾರಿಸಿದವರು ತುಂಬಾ ಜನ. ಒಬ್ಬೊಬ್ಬರಿಗೇ ಹೇಳಲು ಆಗಲಿಲ್ಲ, ಅದಕ್ಕೆ ಈ ಬರಹ.

ಹಗ್ಗ ಬಿಗಿಯಲು ಬಂದವರನ್ನು ತಡೆದು, ಕಾಲು ಅಲುಗಾಡದಂತೆ ದಬ್ಬೆ ಇಟ್ಟು, ನೇರ ಆಸ್ಪತ್ರೆಗೆ ಹೊರಡಿಸಿದ ಎದುರುಮನೆ ಅಣ್ಣನಿಗೆ ನಮಸ್ಕಾರ. 108ರ ಡ್ರೈವರ್‌ಗೂ.

ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿ ಸಿಸ್ಟರ್‌ಗೆ ಏನು ಹೇಳಲಿ? ಬಣವೆ ಹತ್ತಿರ ಕತ್ತಲಲ್ಲಿ ಕಚ್ಚಿದ ಹಾವನ್ನು ನಾವ್ಯಾರೂ ನೋಡಿರಲಿಲ್ಲ. ಅವರು ಎರಡು ಎಂಎಲ್ ರಕ್ತ ತೆಗೆದು ಹೊಸ ಗಾಜಿನ ಟ್ಯೂಬಿಗೆ ಹಾಕಿದರು. ಪ್ಲಾಸ್ಟಿಕ್ ಆಗಲ್ಲವಂತೆ, ಸೋಪು ಹಾಕಿ ತೊಳೆದ ಗಾಜೂ ಆಗಲ್ಲವಂತೆ. "ಯಾರೂ ಮುಟ್ಟಬೇಡಿ" ಎಂದು ಹೇಳಿ 20 ನಿಮಿಷ ಗಡಿಯಾರ ನೋಡುತ್ತಾ ನಿಂತರು. ಆಮೇಲೆ ಟ್ಯೂಬನ್ನು ಮೆಲ್ಲಗೆ ಓರೆ ಮಾಡಿದರು. ಗಟ್ಟಿಯಾಗಿರಬೇಕಿದ್ದ ರಕ್ತ ನೀರಿನ ಹಾಗೆ ಹರಿಯಿತು. "ಸರ್, ಕ್ಲಾಟ್ ಆಗಿಲ್ಲ!" ಅಷ್ಟರಲ್ಲಿ ಮಗುವಿನ ಒಸಡಿನಲ್ಲೂ ರಕ್ತ ಜಿನುಗುತ್ತಿತ್ತು.

ಕೊಳಕು ಮಂಡಲವೇ ಇರಬೇಕು ಎಂದರು ಡ್ಯೂಟಿ ಡಾಕ್ಟ್ರು. ಅದರ ವಿಷ ಮೈಯೊಳಗೇ ರಕ್ತ ಹೆಪ್ಪುಗಟ್ಟುವ ಕೆಲಸ ಶುರು ಮಾಡಿಸುತ್ತದೆ. ಅದಕ್ಕೆ ಬೇಕಾದ ಫೈಬ್ರಿನೋಜನ್ ಎಂಬ ರಕ್ತದ ಪ್ರೋಟೀನ್ ಎಲ್ಲ ಅಲ್ಲೇ ಖರ್ಚಾಗಿ, ಗಾಯಕ್ಕೆ ಬೇಕಾದಾಗ ಏನೂ ಉಳಿದಿರಲ್ಲ. ಹಾವಿನ ವಿಷ ಅಡಗಿಸುವ ಔಷಧಿ ಆಂಟಿವೆನಮ್ಮಿನ ಹತ್ತು ವಯಲ್ (ಚಿಕ್ಕ ಬಾಟಲಿ) ಡ್ರಿಪ್‌ಗೆ ಸೇರಿಸುವುದನ್ನು ಕಂಡು ನನ್ನ ಹೆಂಡತಿ, "ಇಷ್ಟು ಚಿಕ್ಕ ಮಗೂಗೆ ಇಷ್ಟೊಂದಾ ಸರ್?" ಎಂದಳು. "ಮಗು ಅಂತ ಹಾವು ಕಡಿಮೆ ವಿಷ ಬಿಡಲ್ಲ ಅಲ್ವಾಮ್ಮ" ಎಂದರು. ಅವರ ಧೈರ್ಯವೇ ನಮಗೂ ಬಂತು.

ಆರು ಗಂಟೆ ಬಿಟ್ಟು ಮತ್ತೆ ಅದೇ ಟೆಸ್ಟ್, ಮತ್ತೆ ಕ್ಲಾಟ್ ಇಲ್ಲ, ಮತ್ತೊಂದು ಡೋಸ್. ಅಲ್ಲಿಂದ ಜಿಲ್ಲಾ ಆಸ್ಪತ್ರೆಯ ಮಕ್ಕಳ ಐಸಿಯು. ಹೆಪ್ಪುಗಟ್ಟಿಸುವ ಅಂಶಗಳಿರುವ ರಕ್ತದ ದ್ರವಭಾಗ, ಅಂದರೆ ಪ್ಲಾಸ್ಮಾ ಕೊಡಿ ಎಂದು ನಾವು ದುಂಬಾಲು ಬಿದ್ದೆವು. ಮೊದಲು ವಿಷ ಅಡಗಲಿ, ಇಲ್ಲದಿದ್ದರೆ ಕೊಟ್ಟದ್ದೂ ಖರ್ಚಾಗುತ್ತದೆ ಎಂದು ಅಲ್ಲಿನ ಮೇಡಂ ಸಮಾಧಾನದಿಂದ ತಿಳಿಸಿ ಹೇಳಿದರು.

ಲ್ಯಾಬ್ ಹುಡುಗನನ್ನು ಮರೆಯುವ ಹಾಗಿಲ್ಲ. ನೀಲಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಗೆರೆವರೆಗೆ ತುಂಬಿಲ್ಲ ಎಂದು ಮೆಟ್ಟಿಲು ಹತ್ತಿ ಬಂದ. "ಮತ್ತೆ ಚುಚ್ತೀರಾ?" ಎಂದು ಅಜ್ಜಿ ರೇಗಿದರು. "ರಕ್ತ ಹೆಪ್ಪುಗಟ್ಟದ ಹಾಗೆ ಒಳಗೆ ಹಾಕಿರೋ ಸಿಟ್ರೇಟ್ ಪಾಲು ಜಾಸ್ತಿಯಾಗಿ ರಿಪೋರ್ಟ್ ಸುಳ್ಳು ಹೇಳುತ್ತೆ ಅಜ್ಜಿ" ಎಂದ, ಬೈಸಿಕೊಂಡೇ. ಸರಿಯಾದ ರಕ್ತ ತೆಗೆದುಕೊಂಡೇ ಹೋದ.

ರಕ್ತ ಕೊಡಲು ಬೈಕಿನಲ್ಲಿ ಬಂದ ನಮ್ಮೂರ ಹುಡುಗರೇ, ನಿಮ್ಮ ಋಣ ದೊಡ್ಡದು.

ಬರುವ ಭಾನುವಾರ ಮನೆಯಲ್ಲಿ ಒಬ್ಬಟ್ಟಿನ ಊಟ. ಎಲ್ಲರೂ ಬನ್ನಿ. ಪಾಳಿ ಮುಗಿಸಿ ತಡವಾಗಿ ಬರುವವರು ಸಂಕೋಚ ಪಡಬೇಡಿ, ಸಂಜೆವರೆಗೂ ಎಲೆ ಹಾಕುತ್ತೇವೆ.