ನನಗಾದರೆ ತೆಂಗಲೆ, ಅವನಿಗಾದರೆ ವಡಗಲೆ

ಪ್ರಿಯ ಸೀನಿ,

ಭಗವಂತನ ಕೃಪೆಗೆ ಕಾರಣ ಬೇಕೋ ಬೇಡವೋ ಎಂದು ನೀನು ಕಳೆದ ಸಲ ಫೋನಿನಲ್ಲಿ ಎತ್ತಿದ ವಾದ ನಿನ್ನ ಗೆಲುವಿನಲ್ಲೇ ಮುಗಿಯಿತೆಂದು ತಿಳಿದಿರಬಹುದು. ಉತ್ತರವನ್ನು ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ. ಸಾಕ್ಷಿಗಳಿಲ್ಲದ ಕಡೆ ನೀನು ಆಡಿದ ಮಾತನ್ನು ಆಡಿಯೇ ಇಲ್ಲವೆನ್ನುವ ಪೈಕಿ ಎಂಬುದು ಛತ್ರಿಯ ಪ್ರಕರಣದಿಂದಲೂ ನನಗೆ ಗೊತ್ತಿದೆ. ಇದನ್ನು ಓದಿ ನಿನ್ನ ಮನೆಯಾಕೆ ನಕ್ಕರೆ, ಆ ಪ್ರಕರಣದಲ್ಲಿ ನ್ಯಾಯ ನನ್ನ ಕಡೆಗಿತ್ತೆಂದೇ ಅರ್ಥ.

ನಮ್ಮಿಬ್ಬರ ಜಗಳವನ್ನು ಅರಿಯದವರಿಗಾಗಿ ಎರಡು ಮಾತು ಹೇಳಬೇಕು. ಸೀನಿಯ ಮನೆಯವರು ವಡಗಲೆ ಅಯ್ಯಂಗಾರರು, ನಾವು ತೆಂಗಲೆ. ನಮ್ಮ ನಾಮಕ್ಕೆ ಮೂಗಿನ ಬುಡದಲ್ಲಿ ಪಾದವುಂಟು, ಅವರದಕ್ಕಿಲ್ಲ. ಇಂಥ ವ್ಯತ್ಯಾಸಗಳಿಗಾಗಿ ಎರಡೂ ಕಡೆಯ ಹಿರಿಯರು ಕಂಚಿಯಲ್ಲಿ ಕೋರ್ಟಿನ ಮೆಟ್ಟಿಲು ಸವೆಸಿದ್ದಾರೆ. ಆದರೆ ನಾಮಗಳ ಹಿಂದಿರುವ ಪ್ರಶ್ನೆ ನಗುವಂಥದಲ್ಲ. ಕೋತಿಯ ಮರಿ ತಾಯಿಯ ಹೊಟ್ಟೆಯನ್ನು ತಾನೇ ಅವುಚಿ ಹಿಡಿದಿರಬೇಕು. ಬೆಕ್ಕಿನ ಮರಿ ಸುಮ್ಮನೆ ಬಿದ್ದಿದ್ದರೂ ತಾಯಿಯೇ ಕತ್ತು ಕಚ್ಚಿ ಎತ್ತಿಕೊಂಡು ಹೋಗುತ್ತದೆ. ವೇದಾಂತ ದೇಶಿಕರ ಹಾದಿ ಹಿಡಿದವರು ಮೊದಲನೆಯದನ್ನೂ, ಪಿಳ್ಳೈ ಲೋಕಾಚಾರ್ಯರ ಹಾದಿ ಹಿಡಿದವರು ಎರಡನೆಯದನ್ನೂ ಒಪ್ಪುತ್ತಾರೆ. ಕಾಪಾಡುವವನು ಅವನೇ ಎಂಬುದರಲ್ಲಿ ಇಬ್ಬರಿಗೂ ಸಂಶಯವಿಲ್ಲ. ಅವನು ಕಾಪಾಡಲು ನಮ್ಮ ಕಡೆಯಿಂದ ಒಂದು ವ್ಯಾಜವಾದರೂ, ಅಂದರೆ ನೆಪವಾದರೂ, ಬೇಡವೇ ಎಂಬುದಷ್ಟೇ ಜಗಳ.

ನಿನ್ನ ಪಕ್ಷದ ಬಲ ನನಗೆ ಗೊತ್ತಿಲ್ಲವೆಂದಲ್ಲ. ಕೃಪೆಗೆ ಯಾವ ನೆಪವೂ ಬೇಡವೆಂದಾದರೆ, ಒಬ್ಬನನ್ನು ಇಂದೇ ಎತ್ತಿಕೊಂಡು ಇನ್ನೊಬ್ಬನನ್ನು ಜನ್ಮಾಂತರಗಳಲ್ಲಿ ಅಲೆಯಲು ಬಿಡುವ ದೇವರಿಗೆ ಪಕ್ಷಪಾತಿಯೆಂಬ ಹೆಸರು ಬರುತ್ತದೆ. ದೇವರಿಗೆ ಪಕ್ಷಪಾತವೂ ಇಲ್ಲ, ನಿರ್ದಯತೆಯೂ ಇಲ್ಲವೆಂದು ಬ್ರಹ್ಮಸೂತ್ರವೇ ಹೇಳಿರುವಾಗ (2.1.34) ಆ ಕಳಂಕವನ್ನು ತಪ್ಪಿಸಲಾದರೂ ನಮ್ಮ ಕಡೆಯಿಂದ ಶರಣಾಗತಿಯೆಂಬ ಒಂದು ಸಣ್ಣ ನೆಪ ಬೇಕೆಂದು ನಿಮ್ಮವರು ವಾದಿಸುತ್ತಾರೆ. ನಮ್ಮವರ ಉತ್ತರದಲ್ಲಿ ತರ್ಕ ಕಡಿಮೆ, ಧೈರ್ಯ ಹೆಚ್ಚು. ದೇವರ ವಾತ್ಸಲ್ಯವೆಂದರೆ ಮಗುವಿನ ದೋಷವನ್ನು ಕಂಡೂ ಕಾಣದಂತಿರುವುದು ಎಂದು ನೀವು ಹೇಳಿದರೆ, ಅಷ್ಟು ಸಾಲದು, ಈಗಷ್ಟೇ ಹುಟ್ಟಿದ ಕರುವಿನ ಮೈಮೇಲಿನ ಕೊಳೆಯನ್ನು ಹಸು ಆಸೆಪಟ್ಟು ನೆಕ್ಕುವಂತೆ ಅವನು ನಮ್ಮ ದೋಷವನ್ನೇ ಭೋಗ್ಯವೆಂದು ಸ್ವೀಕರಿಸುತ್ತಾನೆ ಎಂದು ನಾವು ಹೇಳುತ್ತೇವೆ. ಮೈಗಳ್ಳನಾದ ನನಗೆ ಇದಕ್ಕಿಂತ ಅನುಕೂಲವಾದ ಸಿದ್ಧಾಂತ ಇನ್ನೊಂದಿಲ್ಲವೆಂದು ನೀನು ಕಾಲೇಜಿನಲ್ಲೇ ಹೇಳಿದ್ದೆ.

ಆ ಅನುಕೂಲ ಈ ವರ್ಷ ಕೆಟ್ಟಿತು. ವೈರಮುಡಿಯ ಜನಜಂಗುಳಿ ಕರಗಿದ ಮೇಲೆ ನಾನು ಮೇಲುಕೋಟೆಗೆ ಹೋಗಿದ್ದೆ. ಚೆಲುವನಾರಾಯಣನ ಸನ್ನಿಧಿಯಲ್ಲಿ ತೀರ್ಥಕ್ಕೆ ನಿಂತಾಗ ನನ್ನ ಮುಂದಿದ್ದವರು ಯಾರೆಂದು ಮೊದಲು ಗಮನಿಸಿರಲಿಲ್ಲ. ಅಂಗೈಯ ಕೆಳಗೆ ಉತ್ತರೀಯದ ತುದಿಯನ್ನು ಮಡಿಸಿ, ಒಂದು ಹನಿಯೂ ಚೆಲ್ಲದಂತೆ ತೀರ್ಥ ತೆಗೆದುಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು, ದೇವರ ಪಾದದ ಗುರುತುಳ್ಳ ಶಠಾರಿಗೆ ತಲೆ ಬಾಗಿಸಿದಾಗ ಕಿವಿಯ ಹಿಂದಿನ ಆ ನರಹುಲಿ ಕಾಣಿಸಿತು. ನಮ್ಮ ಚಿಕ್ಕಪ್ಪ. ಬಹುವಚನ ಕೊಡಬೇಕಾದ ವಯಸ್ಸು ಅವನದು, ಮನಸ್ಸು ಬರುತ್ತಿಲ್ಲ. ಅರ್ಚಕರು ಅವನ ತಲೆಯ ಮೇಲಿಟ್ಟ ಶಠಾರಿಯನ್ನೇ ಮರುಗಳಿಗೆ ನನ್ನ ತಲೆಯ ಮೇಲಿಟ್ಟರು. ಅದು ಇನ್ನೂ ಬೆಚ್ಚಗಿತ್ತೆಂದು ನನಗೆ ಅನಿಸಿದ್ದು ಬರೀ ಭ್ರಮೆ ಇರಬೇಕು. ಅವನ ಸರದಿ ಬಂದಾಗ ಅರ್ಚಕರು ಮರೆತು ಮುಂದೆ ಸಾಗಲಿ ಎಂದು ನಾನು ಮನಸ್ಸಿನಲ್ಲಿ ಬೇಡಿಕೊಂಡದ್ದು ಮಾತ್ರ ಭ್ರಮೆಯಲ್ಲ. ಬೇಡಿಕೊಂಡದ್ದು ಅದೇ ಚೆಲುವರಾಯನನ್ನು.

ಆಮೇಲೆ ನನ್ನನ್ನು ಕಾಡಿದವರು ರಾಮಾನುಜರ ಶಿಷ್ಯರಾದ ಕೂರೇಶರು. ಕಥೆ ನಿನಗೆ ಕಂಠಪಾಠ, ಆದರೂ ಸಹಿಸಿಕೋ. ಚೋಳರಾಜ ರಾಮಾನುಜರನ್ನು ಹಿಡಿದು ತರಿಸಲು ಹೊರಟಾಗ ಕೂರೇಶರು ಗುರುಗಳ ಕಾಷಾಯ ಉಟ್ಟು ಅವರ ಹೆಸರಿನಲ್ಲಿ ತಾವೇ ಆಸ್ಥಾನಕ್ಕೆ ಹೋದರು. ರಾಮಾನುಜರು ಬಿಳಿಯ ಬಟ್ಟೆ ಉಟ್ಟು ಹೊಯ್ಸಳರ ಸೀಮೆಗೆ ಬಂದರು. ಮೇಲುಕೋಟೆ ನಮಗೆ ದಕ್ಕಿದ್ದು ಹೀಗೆ. ಅತ್ತ ಕೂರೇಶರು ಕಣ್ಣು ಕಳೆದುಕೊಂಡರು. ಅದಕ್ಕೆಲ್ಲ ಮೂಲವಾದವನು ಆಸ್ಥಾನದಲ್ಲಿದ್ದ, ಒಂದು ಕಾಲಕ್ಕೆ ಅವರ ಶಿಷ್ಯನೇ ಆಗಿದ್ದನೆನ್ನುವ ನಾಲೂರಾನ್. ವರ್ಷಗಳ ನಂತರ, ಕಂಚಿಯ ವರದರಾಜನಲ್ಲಿ ಕಣ್ಣು ಬೇಡಿಕೋ ಎಂದು ರಾಮಾನುಜರೇ ಹೇಳಿ ಕಳಿಸಿದಾಗ, ಕೂರೇಶರು ಕಣ್ಣು ಬೇಡಲಿಲ್ಲ. ನನಗೆ ಸಿಗುವ ಗತಿ ನಾಲೂರಾನನಿಗೂ ಸಿಗಲಿ ಎಂದು ಬೇಡಿದರಂತೆ. ಗುರುಪರಂಪರೆಯ ಕಥೆಯಿದು, ಚರಿತ್ರೆಯ ತಕ್ಕಡಿಯಲ್ಲಿ ಎಷ್ಟು ತೂಗುತ್ತದೆಂದು ನೀನು ಕೇಳಬೇಡ.

ನನ್ನನ್ನು ಇನ್ನೂ ಹೆಚ್ಚು ಕಂಗೆಡಿಸಿದ್ದು ಕೂರೇಶರ ಮಗ ಪರಾಶರ ಭಟ್ಟರು. ಅಶೋಕವನದಲ್ಲಿ ತನ್ನನ್ನು ಹಿಂಸಿಸಿದ ರಾಕ್ಷಸಿಯರನ್ನು ಕೊಲ್ಲಲು ಹನುಮಂತ ಅಪ್ಪಣೆ ಕೇಳಿದಾಗ, ತಪ್ಪು ಮಾಡದವರು ಯಾರೂ ಇಲ್ಲವೆಂದು ಸೀತೆ ತಡೆದಳಲ್ಲ, ಅದನ್ನು ಭಟ್ಟರು 'ಶ್ರೀಗುಣರತ್ನಕೋಶ'ದಲ್ಲಿ ನೆನೆಯುತ್ತಾರೆ. ವಿಭೀಷಣನನ್ನೂ ಕಾಕಾಸುರನನ್ನೂ ರಾಮ ಕಾಪಾಡಿದ್ದು ಅವರು ಶರಣೆಂದ ಮೇಲೆ. ಅಪರಾಧ ಇನ್ನೂ ಹಸಿಯಾಗಿರುವಾಗಲೇ, ಕೇಳದವರನ್ನೂ ಕಾಪಾಡಿದ ನೀನು, ತಾಯೇ, ರಾಮನ ಗೋಷ್ಠಿಯನ್ನೇ ಚಿಕ್ಕದಾಗಿಸಿಬಿಟ್ಟೆ ಎನ್ನುತ್ತಾರೆ. ಕಣ್ಣು ಕಳೆದುಕೊಂಡ ಅಪ್ಪನನ್ನು ಕಣ್ಣಾರೆ ಕಂಡ ಮಗ ಬರೆದ ಮಾತಿದು.

ನಾನೂ ಒಬ್ಬ ಮಗನೇ. ಅಪ್ಪನಿಗೆ ಲಕ್ವ ಹೊಡೆದು ಮಾತು ನಿಂತಿದ್ದಾಗ, ನಾನು ಔಷಧಿ ತರಲು ಹೋದ ಹೊತ್ತಿನಲ್ಲಿ, ಆ ವಿಭಾಗಪತ್ರಕ್ಕೆ ಚಿಕ್ಕಪ್ಪ ಹೆಬ್ಬೆಟ್ಟು ಒತ್ತಿಸಿಕೊಂಡದ್ದು ನಿನಗೆ ಗೊತ್ತು. ನಿನಗೆ ಹೇಳದೆ ಉಳಿಸಿಕೊಂಡದ್ದೊಂದಿದೆ. ಆ ಸಂಜೆ ಅಪ್ಪನ ಮೈ ಒರೆಸುವಾಗ ಹೆಬ್ಬೆರಳಿನ ಗೆರೆಗಳಲ್ಲಿ ನೀಲಿ ಶಾಯಿ ಕಂಡಿತು. ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದೆ. ಉಗುರಿನ ಸಂದಿಯದು ಹೋಗಲೇ ಇಲ್ಲ, ಅದರೊಂದಿಗೇ ಅಪ್ಪ ಹೋದರು. ಸೀನಿ, ಆ ಮನುಷ್ಯನಿಗೂ ಭಗವಂತ ನೆಪ ಕೇಳದೆ ಒಲಿಯುತ್ತಾನೆ ಎಂದಾದರೆ ನನಗೆ ಆಗುವುದು ಸಿಟ್ಟಲ್ಲ, ಭಯ. ಜಮೀನು ಹೋಯಿತು, ಅಪ್ಪನ ದನಿ ಹೇಗಿತ್ತೆಂಬುದು ಮಸುಕಾಗುತ್ತಿದೆ. ಅಪ್ಪನಿಗಾಗಿ ನಾನು ಇಂದಿಗೂ ತಪ್ಪದೆ ಮಾಡುತ್ತಿರುವುದೆಂದರೆ ಚಿಕ್ಕಪ್ಪನನ್ನು ದ್ವೇಷಿಸುವುದೊಂದೇ. ದೇವರೇ ಅವನನ್ನು ಎತ್ತಿಕೊಂಡುಬಿಟ್ಟರೆ ಆ ಒಂದು ಕೈಂಕರ್ಯವೂ ನನ್ನ ಪಾಲಿಗೆ ಉಳಿಯುವುದಿಲ್ಲ.

ಇಷ್ಟನ್ನು ಬರೆಯಬೇಕೆಂದಿರಲಿಲ್ಲ. ಅಳಿಸಿದರೆ ಪತ್ರದಲ್ಲಿ ಬೆಕ್ಕು, ಕೋತಿಗಳು ಮಾತ್ರ ಉಳಿಯುತ್ತವೆ, ಆದ್ದರಿಂದ ಬಿಟ್ಟಿದ್ದೇನೆ.

'ಎಲ್ಲರಿಗೂ' ಎಂಬ ಮಾತಿಗೆ ಬಂದಾಗ ಕೈ ಬಿಗಿಹಿಡಿದವನು ನಾನೊಬ್ಬನೇ ಅಲ್ಲ ಎಂಬುದಷ್ಟೇ ಸಮಾಧಾನ. ಗುಟ್ಟಾಗಿಡಬೇಕಾದ ಮಂತ್ರವನ್ನು, ತನಗೆ ನರಕವಾದರೂ ಸರಿಯೆಂದು, ತಿರುಕೋಟ್ಟಿಯೂರಿನ ಗೋಪುರವೇರಿ ಎಲ್ಲರಿಗೂ ಕೂಗಿ ಹೇಳಿದ ರಾಮಾನುಜರು ಮೇಲುಕೋಟೆಯಲ್ಲಿ ಅಸ್ಪೃಶ್ಯರೆನಿಸಿಕೊಂಡಿದ್ದವರನ್ನು ತಿರುಕುಲದವರೆಂದು, ಅಂದರೆ ಪವಿತ್ರ ಕುಲದವರೆಂದು, ಕರೆದು ದೇಗುಲದೊಳಗೆ ಬಿಟ್ಟುಕೊಂಡರೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆ ಪ್ರವೇಶ ವರ್ಷಕ್ಕೆ ಮೂರು ದಿನಗಳದಾಗಿತ್ತು ಎಂಬುದನ್ನು ಸ್ವಲ್ಪ ಮೆಲ್ಲಗೆ ಹೇಳುತ್ತೇವೆ. ಚಿಕ್ಕಪ್ಪನಿಗೆ ನಾನು ಆ ಮೂರು ದಿನಗಳನ್ನೂ ಕೊಡಲಾರೆ.

ಹೀಗಾಗಿ ನಿನ್ನ ವಾದಕ್ಕೆ ನನ್ನ ಉತ್ತರ ಇಷ್ಟೇ: ನನ್ನ ವಿಷಯಕ್ಕೆ ಬಂದರೆ ನಾನು ಅಪ್ಪಟ ತೆಂಗಲೆ, ಚಿಕ್ಕಪ್ಪನ ವಿಷಯಕ್ಕೆ ಬಂದರೆ ನಿನಗಿಂತ ಕಟ್ಟುನಿಟ್ಟಿನ ವಡಗಲೆ, ಅವನಿಂದ ವ್ಯಾಜ ಬೇಕು, ಅದೂ ರಿಜಿಸ್ಟರ್ ಆದ ಕಾಗದದಲ್ಲಿ. ಎರಡು ನಾಮ ಒಂದೇ ಹಣೆಯ ಮೇಲೆ ಹೇಗಿರುತ್ತದೆಂದು ನೋಡಬೇಕೆನಿಸಿದರೆ ಮೈಸೂರಿಗೆ ಬಾ.

ಮೇಲುಕೋಟೆಯಿಂದ ಪುಳಿಯೋಗರೆ ಗೊಜ್ಜು ತಂದಿದ್ದೇನೆ, ನಿನ್ನ ಪಾಲನ್ನು ತೆಗೆದಿಟ್ಟಿದ್ದೇನೆ. ಅದು ಖಂಡಿತ ನಿರ್ಹೇತುಕವಲ್ಲ. ಹೋದ ವರ್ಷದ ಸ್ಟೀಲ್ ಡಬ್ಬ ಮೊದಲು ಬರಲಿ, ಮುಚ್ಚಳದ ಸಮೇತ.

ನಿನ್ನ,
ಪಾದವುಳ್ಳವನು