ಫೋಟೊದ ಹಿಂಬದಿಯನ್ನೂ ಹಂಚಿಕೊಳ್ಳಿ

ಮಾನ್ಯರೇ,

ಊರಿನ ಹಳೆಯ ಫೋಟೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚುವವರ ಮೇಲೆ ನನ್ನದೊಂದು ತಕರಾರಿದೆ. ‘ನೂರು ವರ್ಷ ಹಿಂದಿನ ಪೇಟೆ ಬೀದಿ’ ಎಂದು ಬಂದ ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ, ಮೂಲೆಯ ಮಾಳಿಗೆ ಮೇಲೆ ಟಿ.ವಿ. ಆಂಟೆನಾ! ಫೋಟೊ ಯಾರ ಮನೆಯದು, ತೆಗೆದವರಾರು ಎಂಬ ಸುಳಿವೇ ಇಲ್ಲ. ಸ್ಟುಡಿಯೊ ಮೊಹರು, ಪೆನ್ಸಿಲ್‌ನಲ್ಲಿ ಗೀಚಿದ ಇಸವಿ ಸಿಗುವುದು ಹಿಂಬದಿಯಲ್ಲಿ. ಅದನ್ನು ಸ್ಕ್ಯಾನ್ ಮಾಡುವವರು ಕಡಿಮೆ. ಎರಡೂ ಬದಿಯನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿಗಳ ಸ್ಪಷ್ಟತೆ) ಸ್ಕ್ಯಾನ್ ಮಾಡಿ, ಮೂಲ ಫೈಲನ್ನು ಬೇರೆಯೇ ಇಡಿ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಚಿತ್ರ ಕುಗ್ಗಿಹೋಗುತ್ತದೆ. ಇಸವಿ ಖಚಿತವಿಲ್ಲದಿದ್ದರೆ ‘ಸುಮಾರು’ ಎಂದು ಬರೆದರೆ ಗಂಟೇನೂ ಹೋಗದು. ಹಳೆ ನಕ್ಷೆ, ಕಂದಾಯ ದಾಖಲೆಗಳೊಂದಿಗೆ ತಾಳೆ ನೋಡುವುದು ಆಮೇಲಾದರೂ ಆದೀತು. ಚಿತ್ರದಲ್ಲಿರುವವರ ಹೆಸರು ಹೇಳಬಲ್ಲ ಹಿರಿಯರ ಮಾತನ್ನು ಮಾತ್ರ ಈಗಲೇ ರೆಕಾರ್ಡ್ ಮಾಡಿಕೊಳ್ಳಬೇಕು.

– ನಿವೃತ್ತ ಗ್ರಂಥಪಾಲಕಿ